ಹಿಲ್ಮಾ ಕಿವಿಗೆ ಬೀಳದ ಎಂಜಿನ್

ಅಪ್ಪ ಆ ಯಂತ್ರವನ್ನು ಕೊಂಡ ಮರುಕ್ಷಣವೇ, ಮಾರಿದವನ ಅಂಗಳದಲ್ಲೇ ನಿಂತು, ಗರಗಸ ತೆಗೆದು ಅದರ ಉದ್ದನೆಯ ಕೊಳವೆಯನ್ನು ಕತ್ತರಿಸಿಬಿಟ್ಟ. ಎಂಜಿನ್ ಇದ್ದ ತುಂಡನ್ನು ಕಂಕುಳಲ್ಲಿಟ್ಟುಕೊಂಡ. ಹುಲ್ಲು ಕತ್ತರಿಸುವ ತುಂಡನ್ನು ಮಾರಿದವನಿಗೇ ವಾಪಸು ಕೊಟ್ಟ.

"ಇದು ನಿಮಗೇ ಇರ್ಲಿ."

"ಇದಿಲ್ದೆ ಹುಲ್ಲು ಹೇಗ್ರೀ ಕತ್ತರಿಸ್ತೀರಾ?"

"ಹುಲ್ಲಾ? ಹುಲ್ಲು ಯಾಕೆ ಕತ್ತರಿಸ್ಬೇಕು?"

ಮಾರಿದವನ ಹೆಂಡತಿ ನನ್ನ ಮುಖ ನೋಡಿದಳು. ಈ ಮುದುಕನನ್ನು ಒಬ್ಬನೇ ಹೊರಗೆ ಬಿಡಬಹುದೇ ಎಂದು ಕೇಳುವ ನೋಟ ಅದು. "ಏರೋಪ್ಲೇನಿಗೆ," ಅಂದೆ. ಅದರಿಂದ ಅವಳಿಗೆ ಇನ್ನಷ್ಟು ಗಾಬರಿಯಾಯಿತು.

ಬೇಸಿಗೆಯ ಶನಿವಾರಗಳಲ್ಲಿ ನಮ್ಮ ಮಿನೆಸೋಟದ ಊರುಗಳಲ್ಲಿ ಎಲ್ಲರೂ ಹಳೆಯ ಸಾಮಾನನ್ನು ಅಂಗಳದಲ್ಲಿ ಹರಡಿಕೊಂಡು ಮಾರಲು ಕೂರುತ್ತಾರೆ. ಆರ್ವಿಡ್ ಸ್ಟೆನ್‌ಸ್ರುಡ್, ಅಂದರೆ ನನ್ನಪ್ಪ, ಪ್ರತಿ ಅಂಗಳದಲ್ಲೂ ಇಳಿಯುತ್ತಾನೆ. ಹುಲ್ಲಿನ ಯಂತ್ರ, ಎಲೆ ಊದುವ ಯಂತ್ರ, ಮರ ಕೊಯ್ಯುವ ಗರಗಸ ಯಾವುದೇ ಕಂಡರೂ ಹಗ್ಗವನ್ನು ಮೆಲ್ಲಗೆ ಎಳೆದು, ಒಳಗಿನ ಒತ್ತಡ ಬೆರಳಿಗೆ ತಾಗುವುದನ್ನು ಕಣ್ಣು ಮುಚ್ಚಿ ನೋಡುತ್ತಾನೆ. ನಾಡಿ ಹಿಡಿದ ವೈದ್ಯನ ಹಾಗೆ. ಒಳ್ಳೆಯದಾದರೆ ಮನೆಗೆ ಬರುತ್ತದೆ, ಮೈಮೇಲಿನ ಪ್ಲಾಸ್ಟಿಕ್ ಕಳಚಿಕೊಳ್ಳುತ್ತದೆ, ಲೇತಿನಲ್ಲಿ ಕಡೆದ ಹೊಸ ಮೂತಿ ತೊಟ್ಟು, ಮೂತಿಗೆ ಪ್ರೊಪೆಲರ್ ಸಿಕ್ಕಿಸಿಕೊಂಡು, ಅಪ್ಪ ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವ ಪುಟ್ಟ ವಿಮಾನ ಹತ್ತುತ್ತದೆ. ನಮ್ಮ ಮನೆಯ ಹುಲ್ಲು ಮಾತ್ರ ಮೊಣಕಾಲೆತ್ತರಕ್ಕಿದೆ.

ಆದರೆ ಈ ಸಲ ಅಪ್ಪನಿಗೆ ಬರೀ ಒಳ್ಳೆಯ ಎಂಜಿನ್ ಸಾಲದಾಗಿತ್ತು. ಸದ್ದಿಲ್ಲದ ಎಂಜಿನ್ ಬೇಕಿತ್ತು.

ಅಪ್ಪ ಮತ್ತವನ ಗೆಳೆಯರು ವಿಮಾನ ಹಾರಿಸುವುದು ಹಿಲ್ಮಾ ಕ್ವಾಲೆ ಅವರ ಹುಲ್ಲುಗಾವಲಿನಲ್ಲಿ. ಬಾಡಿಗೆ ಇಲ್ಲ, ಕರಾರುಪತ್ರ ಇಲ್ಲ. ಹಿಲ್ಮಾ ಬಾಯಲ್ಲಿ ಬಂದ ಒಂದು 'ಸರಿ'ಯ ಮೇಲೆ ಇಷ್ಟು ವರ್ಷ ನಡೆದಿತ್ತು. ಮೇ ತಿಂಗಳಲ್ಲಿ ಆ ಹೆಂಗಸು ರಬ್ಬರ್ ಬೂಟು ಹಾಕಿಕೊಂಡು ಬಯಲಿಗೇ ನಡೆದು ಬಂದು ಅಪ್ಪನ ಎದುರು ನಿಂತರು.

"ಆರ್ವಿಡ್, ನಿನ್ನ ಎಂಜಿನ್ನು ನನ್ನ ದವಡೆ ಹಲ್ಲೊಳಗೆ ತಿರುಗ್ತಿದೆ."

"ಏನು?"

"ಹಲ್ಲು! ಭಾನುವಾರ ರೇಡಿಯೋದಲ್ಲಿ ಬೇಸ್‌ಬಾಲ್ ಕೇಳೋಣ ಅಂತ ಕೂತ್ರೆ ಹೊಡೆದ್ನೋ ಬಿಟ್ನೋ ಅಂತಾನೇ ಗೊತ್ತಾಗಲ್ಲ. ಆಗಸ್ಟ್ ಕೊನೇ ಭಾನುವಾರ ವರಾಂಡದಲ್ಲಿ ಕೂತು ಕೇಳ್ತೀನಿ. ರೇಡಿಯೋ ಮೀರಿ ಎಂಜಿನ್ ಸದ್ದು ಕೇಳಿಸ್ತೋ, ಮುಂದಿನ ವರ್ಷ ಇಲ್ಲಿ ಸಕ್ಕರೆ ಬೀಟ್ ಬಿತ್ತಿಸ್ತೀನಿ."

ಹಿಲ್ಮಾ ಹೇಳಿದರೆ ಹೇಳಿದ ಹಾಗೆಯೇ. ಇನ್ನೊಂದು ಬಯಲು ಇರುವುದು ಹೆದ್ದಾರಿಯ ಆಚೆ, ಪಟ್ಟಣವನ್ನೂ ದಾಟಿ. ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನು ಅಪ್ಪ ಬಿಟ್ಟಾಗಿದೆ. ಈ ಬಯಲು ಹೋದರೆ ಅವನ ಎಂಜಿನ್‌ಗಳೆಲ್ಲ ಗ್ಯಾರೇಜಿನ ಬೆಂಚಿಗೆ ಕಚ್ಚಿಕೊಂಡು ಗುರುಗುಟ್ಟಬೇಕು, ಅಷ್ಟೇ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಬೇಸಿಗೆಯಿಡೀ ಅಪ್ಪ ಸದ್ದನ್ನು ಬೇಟೆಯಾಡಿದ. ಹೊಸದಾಗಿ ಕೊಂಡದ್ದು ಫೋರ್ ಸ್ಟ್ರೋಕ್ ಎಂಜಿನ್, ಹುಟ್ಟಾ ಮೆದು ದನಿಯದು. ಅದಕ್ಕೆ ಎರಡು ಕೋಣೆಯ ಸೈಲೆನ್ಸರನ್ನು ಒಂದು ಕಾಫಿಪುಡಿ ಡಬ್ಬಿ ಕತ್ತರಿಸಿ ಮಾಡಿದ. ವಿಮಾನದ ಹೊಟ್ಟೆ ತಮಟೆಯ ಹಾಗೆ ಅನುರಣಿಸುತ್ತದೆಂದು ಎಂಜಿನ್ನನ್ನು ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸಿದ. ಅಷ್ಟಾದರೂ ಏನೋ ಕಿರುಚುತ್ತಿತ್ತು. ಅದು ಎಂಜಿನ್ ಅಲ್ಲ, ವೇಗವಾಗಿ ತಿರುಗುವ ಪ್ರೊಪೆಲರಿನ ತುದಿ ಗಾಳಿಯನ್ನು ಸೀಳುವ ಸದ್ದು ಎಂದು ಜುಲೈನಲ್ಲಿ ಗೊತ್ತಾಯಿತು. ಇನ್ನೂ ದೊಡ್ಡ ಪ್ರೊಪೆಲರೊಂದನ್ನು ಹಾಕಿ, ನಿಧಾನವಾಗಿ ತಿರುಗಿಸಿದ. ನಾನು ಅಡುಗೆಮನೆಯಲ್ಲಿದ್ದೆ. ಗ್ಯಾರೇಜಿನಿಂದ ಬಂದವನು, "ಹೇಗಿತ್ತು?" ಅಂದ.

"ಶುರು ಮಾಡಿದ್ಯಾ?"

ಅಪ್ಪ ಅಲ್ಲೇ ಒಂದು ಸುತ್ತು ಕುಣಿದ.

ಅವನ ಗೆಳೆಯ ಗೇಲನ್‌ಗೆ ಮಾತ್ರ ನಂಬಿಕೆ ಇರಲಿಲ್ಲ. ಜೀವಮಾನವಿಡೀ ವಿಮೆ ಮಾರಿದವನು. ಪರೀಕ್ಷೆಯ ಹಿಂದಿನ ದಿನ, ಶನಿವಾರ, ನನ್ನನ್ನು ಪಕ್ಕಕ್ಕೆ ಕರೆದ.

"ಬ್ರಿಟ್ಟಾ, ಸಾಕ್ಷಿಗೆ ಅಂತ ನೀನು ವರಾಂಡದಲ್ಲಿ ಹಿಲ್ಮಾ ಪಕ್ಕ ಕೂತ್ಕೋ. ಸದ್ದು ಕೇಳಿಸೋ ಹಾಗಿದ್ರೆ ರೇಡಿಯೋ ಒಂಚೂರು... ಹಿಂಗೆ." ಎರಡು ಬೆರಳು ತಿರುಗಿಸಿ ತೋರಿಸಿದ. "ನಿಮ್ಮಪ್ಪಂಗೆ ಹೇಳ್ಬೇಡ. ಸತ್ತೇ ಹೋಗ್ತಾನೆ."

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಭಾನುವಾರ ಹೋಗಿ ರೇಡಿಯೋದ ಪಕ್ಕದ ಕುರ್ಚಿಯಲ್ಲೇ ಕೂತೆ.

ಹಿಲ್ಮಾ ನೀರಿನಂಥ ಕಾಫಿ ಕೊಟ್ಟರು, ತಟ್ಟೆಯಲ್ಲಿ ರೂಬಾರ್ಬ್ ದಂಟಿನ ಹುಳಿಸಿಹಿ ತುಂಡುಗಳನ್ನಿಟ್ಟರು, ಕಣ್ಣು ಮುಚ್ಚಿ ಕೂತರು. ರೇಡಿಯೋದಲ್ಲಿ ಯಾರೋ ಚೆಂಡು ಎಸೆಯುತ್ತಿದ್ದ, ಯಾರೋ ಹೊಡೆಯುತ್ತಿರಲಿಲ್ಲ. ನನ್ನ ಕೈ ಗುಂಡಿಯ ಹತ್ತಿರವೇ ಇತ್ತು.

"ಯಾವಾಗ ಹಾರಿಸ್ತಾರಂತೆ?" ಹಿಲ್ಮಾ ಕಣ್ಣು ತೆರೆಯದೆ ಕೇಳಿದರು.

ನಾನು ತಲೆಯೆತ್ತಿದೆ. ಕೊಟ್ಟಿಗೆಯ ಮಾಡಿನ ಮೇಲೆ ಅಪ್ಪನ ಹಳದಿ ವಿಮಾನ ಆಗಲೇ ಆರಾಮವಾಗಿ ಸುತ್ತು ಹೊಡೆಯುತ್ತಿತ್ತು.

"ಹಾರ್ತಾ ಇದೆ," ಅಂದೆ.

"ಎಲ್ಲಿ?" ಹಿಲ್ಮಾ ರೇಡಿಯೋವನ್ನು ತಾವೇ ಆರಿಸಿ ಕಿವಿಗೊಟ್ಟರು. ಏನೂ ಇಲ್ಲ. ಒಂದು ಮಿಡತೆ.

ಆಗ ಕೇಳಿಸಿತು, ಬಯಲಿನಾಚೆಯಿಂದ, ಸ್ಪಷ್ಟವಾಗಿ:

"ಆಪರೇಶನ್ ಮಾಡಿ ನನ್ನ ಸೊಂಟಕ್ಕೆ ಹಾಕಿರೋದು ಟೈಟೇನಿಯಂ ಕಣೋ!"

ಅದು ಅಪ್ಪನ ಇನ್ನೊಬ್ಬ ಗೆಳೆಯ ಮಿಲ್ಟ್. ಬಯಲಿಗೆ ಬಂದ ಕೂಡಲೇ ಅವರೆಲ್ಲ ಕಿವಿಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕುತ್ತಾರೆ, ಗಾಳಿಗೆ ಸಿಳ್ಳೆ ಹೊಡೆಯುತ್ತದೆಂದು. ಇಷ್ಟು ವರ್ಷವೂ ಎಂಜಿನ್ ಮೀರಿಸಿ ಅರಚಿಯೇ ಮಾತಾಡಿದವರು. ಈಗ ಎಂಜಿನ್ ಸದ್ದಿಲ್ಲ, ಅರಚಾಟ ಮಾತ್ರ ಹಾಗೇ ಉಳಿದಿತ್ತು.

"ಹಿಲ್ಮಾ ಕಾಫಿ ಕುಡ್ದಿದ್ಯಾ ಯಾವತ್ತಾದ್ರೂ?" ಇದೂ ಮಿಲ್ಟ್. "ಲೋಟದ ತಳದಲ್ಲಿ ಪೇಪರ್ ಇಟ್ರೆ ಓದ್ಬಹುದು!"

ಹಿಲ್ಮಾ ತಮ್ಮ ಲೋಟದೊಳಗೆ ಇಣುಕಿ ನೋಡಿದರು.

"ಬ್ರಿಟ್ಟಾ ರೇಡಿಯೋ ಜೋರು ಮಾಡಿದ್ಲೋ ಇಲ್ವೋ?" ಇದು ಗೇಲನ್, ಮಿಲ್ಟ್‌ಗೆ ಗುಟ್ಟಾಗಿ ಕೇಳಿದ್ದಂತೆ.

"ಏನು?" ಇದು ಅಪ್ಪ.

"ರೇಡಿಯೋ!"

"ಯಾವ ರೇಡಿಯೋ?"

"ಹಾಳಾಗ್ಲಿ, ನಿನ್ನ ಎಂಜಿನ್ ಕೇಳಿಸ್ಬಾರ್ದು ಅಂತ! ನಿನ್ನ ಮಗಳೇ ಗುಂಡಿ ತಿರುಗಿಸ್ತಾಳೆ ಮಾರಾಯಾ!"

ನಾನು ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡೆ. ಹಿಲ್ಮಾ ಎದ್ದು ವರಾಂಡದ ಕಂಬಿ ಹಿಡಿದರು. ನಲವತ್ತು ವರ್ಷ ಸಂಜೆ ಸಂಜೆ ಹಸುಗಳನ್ನು ಕರೆದ ಗಂಟಲು ಅದು.

"ಮುಟ್ಟಿಲ್ಲ ಕಣ್ರೋ! ಹುಡುಗಿ ರೇಡಿಯೋ ಮುಟ್ಟಿಲ್ಲ! ಎಂಜಿನ್ನೂ ಕೇಳಿಸಿಲ್ಲ! ನೀವು ಮಾತ್ರ ಕೇಳಿಸ್ತಿದೀರಾ!"

ವಿಮಾನ ಇಳಿಯಿತು.

"ಮಾತಂದ್ರೆ ಮಾತು!" ಹಿಲ್ಮಾ ಮುಂದುವರಿಸಿದರು. "ಬಯಲು ನಿಮ್ಮದೇ! ಕಾಫಿ ಮಾತ್ರ ಇನ್ನು ಮನೆಯಿಂದ ತನ್ನಿ!"

ಗೇಲನ್ ಟೋಪಿ ಗಾಳಿಗೆ ತೂರಿದ. ಅದು ಕೆಳಗೆ ಬೀಳುವ ಮೊದಲೇ ಅಪ್ಪನ ದನಿ ಬಂತು.

"ಇಲ್ಲ! ಲೆಕ್ಕಕ್ಕಿಲ್ಲ!"

"ಏನಂದೆ?"

"ಮೋಸದ ಪರೀಕ್ಷೆ ನಂಗೆ ಬೇಡ ಹಿಲ್ಮಾ! ಆ ಹುಡುಗೀನ ಇಲ್ಲಿಗೆ ಕಳ್ಸು! ರೇಡಿಯೋ ಬಂದ್ ಮಾಡು! ಮತ್ತೆ ಹಾರಿಸ್ತೀನಿ!"

"ಮುಚ್ಕೊಳ್ಳೋ ಆರ್ವಿಡ್!" ಗೇಲನ್ ಅಳುವುದೊಂದು ಬಾಕಿ. "ಗೆದ್ದಾಯ್ತಲ್ಲೋ!"

ಹಿಲ್ಮಾ ನನ್ನತ್ತ ತಿರುಗಿದರು. "ಇವನು ಮೊದಲಿಂದ್ಲೂ ಹೀಗೇನಾ?"

"ಹೀಗೇ."

"ಹೋಗು ಮತ್ತೆ. ಯಾರೂ ಬಾಯಿ ಬಿಡಬಾರದು ಅಂತ ಹೇಳು. ಒಂದು ಪಿಟ್ಟೆಂದ್ರೂ ಬೀಟೇ."

ಹುಲ್ಲು ದಾಟಿ ಬಯಲಿಗೆ ಹೋದೆ. ಅಪ್ಪ ನನ್ನ ಮುಖ ನೋಡಲಿಲ್ಲ. ಕೆಳಗೆ ಕೂತು ವಿಮಾನದ ಮೂತಿ ಒರೆಸುತ್ತಿದ್ದ. ಆ ಕೋಪದಲ್ಲಿ ಏನೇನು ಮಾಡಬೇಕಿತ್ತೋ ಎಲ್ಲ ಮಾಡಿದ, ಟ್ಯಾಂಕಿಗೆ ಪೆಟ್ರೋಲ್ ಹಾಕುವುದೊಂದನ್ನು ಬಿಟ್ಟು. ಅದು ನಮಗೆ ಗೊತ್ತಾದದ್ದು ಆಮೇಲೆ.

ವಿಮಾನ ಮತ್ತೆ ಎದ್ದಿತು. ಮುದುಕರು ಪ್ರಾರ್ಥನೆಗೆ ನಿಂತವರ ಹಾಗೆ ಸಾಲಾಗಿ ನಿಂತರು. ಮಿಲ್ಟ್ ತನ್ನ ಬಾಯಿಯನ್ನು ಕೈಯಿಂದಲೇ ಹಿಡಿದುಕೊಂಡಿದ್ದ. ಹತ್ತಿರ ನಿಂತವಳಿಗೆ ನನಗೆ ಎಂಜಿನ್ನಿನ ಮೆಲುದನಿ ಕೇಳುತ್ತಿತ್ತು, ನಿದ್ದೆಯಲ್ಲಿ ಯಾರೋ ಗುನುಗುವ ಹಾಗೆ. ವರಾಂಡದ ಕಡೆಗೆ ತಿರುಗುತ್ತಿದ್ದ ಹಾಗೇ ಅದು ನಿಂತುಹೋಯಿತು. ಬಿಸಿಲಲ್ಲಿ ಪ್ರೊಪೆಲರ್ ಒಂದು ಅಡ್ಡ ಕಡ್ಡಿಯಾಗಿ ಕಂಡಿತು.

ಬೇರೆ ಯಾವ ಎಂಜಿನ್ ನಿಂತಿದ್ದರೂ ಅಪ್ಪನಿಗೆ ಕಿವಿಯಂತ್ರ ಇಲ್ಲದೆಯೂ ತಿಳಿಯುತ್ತಿತ್ತು. ಇದನ್ನು ಕೇಳಿಸದ ಹಾಗೆ ಮಾಡಿದವನು ಅವನೇ. ರಿಮೋಟ್ ಹಿಡಿದು ಮೇಲಕ್ಕೆ ನೋಡುತ್ತ ಹೆಮ್ಮೆಯಿಂದ ಮುಗುಳ್ನಗುತ್ತಿದ್ದ.

"ಅಪ್ಪಾ," ಪಿಸುಗುಟ್ಟಿದೆ. "ನಿಂತ್ಹೋಗಿದೆ."

ಅವನು ತಲೆಯಾಡಿಸಿದ. ಹೊಗಳುತ್ತಿದ್ದೇನೆ ಅಂದುಕೊಂಡ.

"ಎಂಜಿನ್! ನಿಂತಿದೆ!" ಅವನ ಕಿವಿಗೇ ಬಾಯಿಟ್ಟು ಉಸಿರಿನಲ್ಲೇ ಹೇಳಿದೆ. ಕೊನೆಗೆ ಕೈಯನ್ನು ಪ್ರೊಪೆಲರಿನ ಹಾಗೆ ತಿರುಗಿಸಿ, ತಟ್ಟನೆ ನಿಲ್ಲಿಸಿ ತೋರಿಸಿದೆ.

ಅಪ್ಪನ ಮುಖ ಬದಲಾಯಿತು, ಹೆಬ್ಬೆರಳುಗಳು ರಿಮೋಟಿನ ಮೇಲೆ ಆಡತೊಡಗಿದವು. ವಾಪಸು ಬಯಲಿಗೆ ತರುವಷ್ಟು ಎತ್ತರ ಉಳಿದಿರಲಿಲ್ಲ. ಬೇಲಿಯನ್ನು ದಾಟಿಸಿದ, ಬಟ್ಟೆ ಒಣಹಾಕಿದ ತಂತಿಯ ಕೆಳಗೆ ನುಸುಳಿಸಿದ, ವರಾಂಡದ ಮೆಟ್ಟಿಲ ಮುಂದಿದ್ದ ರೂಬಾರ್ಬ್ ಪಾತಿಯ ಅಗಲ ಎಲೆಗಳ ಮೇಲೆ, ಹಾಸಿಗೆಯಲ್ಲಿ ಮಗುವನ್ನು ಮಲಗಿಸುವ ಹಾಗೆ ಇಳಿಸಿದ.

ನಾವೆಲ್ಲ ಓಡಿದೆವು. ಟೈಟೇನಿಯಂ ಸೊಂಟದ ಮಿಲ್ಟ್ ಕೂಡ. ನಾವು ತಲುಪಿದಾಗಲೂ ಹಿಲ್ಮಾ ಕಣ್ಣು ಮುಚ್ಚಿಯೇ ಕೂತಿದ್ದರು. ಏದುಸಿರು ಕೇಳಿ ಕಣ್ಣು ಬಿಟ್ಟವರು ಪಾತಿಯನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಪಾತಿಯನ್ನು ನೋಡಿದರು.

"ಇದು ಯಾವಾಗ ಬಂತು?"

ಅಪ್ಪ ಒಂದು ಹೆಜ್ಜೆ ಮುಂದಿಟ್ಟು ಟೋಪಿ ತೆಗೆದ. ಗೇಲನ್ ಅವನ ತೋಳು ಹಿಡಿದೆಳೆದ. ಆಗಲಿಲ್ಲ.

"ಹಿಲ್ಮಾ, ನಿಜ ಹೇಳ್ಬೇಕಂದ್ರೆ ಎಂಜಿನ್ ಮಧ್ಯದಲ್ಲೇ ನಿಂತ್..."

"ಆರ್ವಿಡ್," ಹಿಲ್ಮಾ ಅಡ್ಡ ಬಾಯಿ ಹಾಕಿದರು. "ಮೂರನೇ ಸಲ ಪರೀಕ್ಷೆ ಮಾಡು ಅಂದ್ಯೋ, ನಾಳೇನೇ ಬೀಟ್ ಬಿತ್ತಿಸ್ತೀನಿ. ಬಯಲು ನಿಮ್ಮದೇ. ಈ ಎಂಜಿನ್ನೇ ಇರ್ಲಿ. ಮಾತಾಡೋದಿದ್ರೆ ಮಾತ್ರ ಎಲ್ಲಾರೂ ಕಿವಿಗೆ ಅದೇನೋ ಹಾಕ್ಕೊಂಡು ಮಾತಾಡಿ. ನಾನೀಗ ಆಟ ಕೇಳ್ಬೇಕು, ಹೋಗಿ."

ರೇಡಿಯೋ ಹಚ್ಚಿದರು. ಜನ ಕೂಗುತ್ತಿದ್ದರು. ಕೊನೆಗೂ ಯಾರೋ ಹೊಡೆದಿದ್ದ.

ಅಪ್ಪ ವಿಮಾನವನ್ನು ಎಲೆಗಳ ನಡುವಿನಿಂದ ಎತ್ತಿಕೊಂಡ. ಅಂಗಳ ದಾಟುವಾಗ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ. ಮೆಲ್ಲಗೆ ಅಂದರೆ ಅವನ ಲೆಕ್ಕದ ಮೆಲ್ಲಗೆ.

"ಏನಂದ್ಲು?"

"ಬಯಲು ನಮ್ಮದೇ ಅಂತೆ."

"ಅದು ಗೊತ್ತಾಯ್ತು. ಎಂಜಿನ್ ಬಗ್ಗೆ ಏನಂದ್ಲು?"

"ಏನೂ ಕೇಳಿಸ್ಲೇ ಇಲ್ವಂತೆ."

"ಏನು?"

"ಕೇಳಿಸ್ಲೇ ಇಲ್ವಂತೆ!"

ಅಪ್ಪನಿಗೆ ಮೊದಲ ಸಲವೇ ಕೇಳಿಸಿತ್ತು ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.