ಗೇಟಿನ ಮೇಜಿನ ಮೇಲೆ

"ಮತ್ತೆ ಉಚ್ಚೆ ಉಯ್ಕೊಂಡ್ಯೇನೆ, ಮುಂಡೆ? ಇದೇನು ಕಾರ್ಖಾನೆನೋ, ದನದ ಕೊಟ್ಟಿಗೆನೋ?"

ಸೂಪರ್‌ವೈಸರ್ ಫಾಕಿಸಿ, ಮಾಖೋತ್ಸೊಳನ್ನು ಎಬ್ಬಿಸಿ ಅವಳ ಸ್ಟೂಲನ್ನು ಒದ್ದು, ಇಡೀ ಸಾಲಿಗೆ ಕಾಣುವಂತೆ ತಿರುಗಿಸಿದ. ಮರದ ಮೇಲೆ ಒದ್ದೆ ಮಿರುಗುತ್ತಿತ್ತು. ಎಪ್ಪತ್ತು ಹೊಲಿಗೆ ಮಷಿನುಗಳು ಓಡುತ್ತಲೇ ಇದ್ದವು. ಪಕ್ಕದಲ್ಲೇ ಕೂತಿದ್ದ ನಾನೂ ತಲೆ ಎತ್ತಲಿಲ್ಲ.

"ಕೆಮ್ಮು ಬಂತು ಅಣ್ಣ, ತಡೀಲಿಲ್ಲ. ಮೂರ್ ಸಲ ಕೇಳ್ದೆ, ನೀವು ಬಿಡ್ಲಿಲ್ಲ."

"ಶನಿವಾರ ಕಂಟೇನರ್ ಹೊರಡ್ತದೆ. ನಿನ್ನ ಉಚ್ಚೆಗೋಸ್ಕರ ಅದು ಕಾಯ್ತದಾ?"

ನಮ್ಮ ರಾಜಧಾನಿ ಮಸೇರುವಿನ ಆ ಕಾರ್ಖಾನೆಯಲ್ಲಿ ನಾವು ಅಮೆರಿಕದವರ ಜೀನ್ಸ್ ಹೊಲಿಯುತ್ತಿದ್ದೆವು. ಕಕ್ಕಸಿಗೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಉಳಿದ ಹೊತ್ತು ಅದರ ಕೀಲಿ ಫಾಕಿಸಿಯ ಜೇಬಿನಲ್ಲಿ.

ಬೆಟ್ಟದ ಮೇಲಿನ ಊರಿನಲ್ಲಿ ಎರಡು ದಿನ ನೋವು ತಿಂದು ನಾಲ್ಕನೆಯ ಮಗುವನ್ನು ಹೆತ್ತ ಮೇಲೆ ಮಾಖೋತ್ಸೊಗೆ ಹೀಗಾಗಿತ್ತು. ಕೆಮ್ಮಿದರೆ, ನಕ್ಕರೆ, ಬಟ್ಟೆಯ ಕಟ್ಟು ಎತ್ತಿದರೆ ಸೋರುತ್ತಿತ್ತು. ಹೆದರಿ ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಗಿನ ಮೆಕ್ಕೆಜೋಳದ ಮುದ್ದೆಯನ್ನು ಒಣಗಂಟಲಲ್ಲೇ ನುಂಗುತ್ತಿದ್ದಳು. ಆಮೇಲೆ ಉರಿ ಶುರುವಾಯಿತು, ಗಳಿಗೆಗೊಮ್ಮೆ ಅವಸರವಾಗತೊಡಗಿತು. ಇದು ಬಹಳ ಹೆಂಗಸರಿಗೆ ಬರುವ ಕಾಯಿಲೆ, ವಾಸಿ ಮಾಡಬಹುದು ಎಂದು ಕ್ಲಿನಿಕ್ಕಿನ ನರ್ಸು ಮಾತ್ರೆ ಕೊಟ್ಟು, ಬೇಕೆಂದಾಗ ಕಕ್ಕಸಿಗೆ ಬಿಡಿ ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದಳು. ಫಾಕಿಸಿ ಆ ಚೀಟಿಯಿಂದ ಮಷಿನಿನ ಎಣ್ಣೆ ಒರೆಸಿದ.

ಅಂದು ಸಂಜೆ ಗೇಟಿನಲ್ಲಿ ಮೈ ತಡಕುವ ಕಾವಲಿನ ಹೆಂಗಸು ಮಾಖೋತ್ಸೊಳ ಲಂಗದೊಳಗೆ ಕೈ ಹಾಕಿ, ಸೋರಿದ್ದನ್ನು ಹೀರಲು ಅವಳು ಇಟ್ಟುಕೊಂಡಿದ್ದ ನೀಲಿ ಜೀನ್ಸ್ ಬಟ್ಟೆಯ ಒದ್ದೆ ಚೂರೊಂದನ್ನು ಎಳೆದು, "ಥೂ" ಎಂದು ಮೇಜಿನ ಮೇಲೆ ಬಿಸಾಡಿದಳು.

"ಕಳ್ಳಿ," ಎಂದ ಫಾಕಿಸಿ. "ನಾಳೆಯಿಂದ ಬರ್ಬೇಡ."

"ಕಸಕ್ಕೆ ಹಾಕಿದ್ ಚೂರು ಅಣ್ಣ."

"ಕಸಾನೂ ಕಂಪ್ನೀದೇ."

ಅವಳು ಸಿಮೆಂಟಿನ ಮೇಲೆ ಮೊಣಕಾಲೂರಿದಳು. "ನಾಲ್ಕು ಮಕ್ಳವೆ. ಗಣಿ ದೂಳು ಕುಡ್ದು ಗಂಡ ಹಾಸಿಗೆ ಹಿಡಿದವ್ನೆ. ಬೇಕಾದ್ರೆ ಹೊಡೀರಿ, ಕೆಲ್ಸದಿಂದ ತೆಗೀಬೇಡಿ."

"ಲಂಗೋಟಿ ಕಟ್ಕೊಂಡು ಮನೇಲಿ ಬಿದ್ದಿರು, ಹೋಗು."

ಕಾವಲಿನವರು ನಕ್ಕರು. ಫಾಕಿಸಿ ಹೆಸರು ಬರೆಯಲು ಪೆನ್ನು ತೆಗೆದ.

ಆಗ ನಮ್ಮೊಂದಿಗೇ ಹೊಲಿಯುವ ಮಾತುಮೆಲೊ ಅವ್ವ ಸಾಲು ಬಿಟ್ಟು ಮುಂದೆ ಬಂದಳು. ಐವತ್ತೆಂಟು ವಯಸ್ಸು, ಭಾನುವಾರದ ಇಗರ್ಜಿ ತಪ್ಪಿಸದವಳು, ಅವಳ ಬಾಯಲ್ಲಿ ಒಂದು ಕೆಟ್ಟ ಮಾತು ಕೇಳಿದವರಿಲ್ಲ. ಹೊದ್ದ ಕಂಬಳಿಯ ಮರೆಯಲ್ಲಿ ಲಂಗದೊಳಗೆ ಕೈ ಹಾಕಿ ಒಂದು ಚೂರು ತೆಗೆದು, ಮೊದಲಿನದರ ಪಕ್ಕದಲ್ಲಿಟ್ಟಳು.

"ನಂದೂ ಬರ್ಕೊ, ಮಗ. ಹದಿನಾರು ವರ್ಷದಿಂದ ಹಿಂಗೇ."

ಫಾಕಿಸಿಯ ಪೆನ್ನು ನಿಂತಿತು. ಜೇಬು ಹೊಲಿಯುವವಳೊಬ್ಬಳು ಬಂದು ತನ್ನದನ್ನೂ ಇಟ್ಟಳು. ಗುಂಡಿ ಹಾಕುವ ಇಬ್ಬರು ಅಕ್ಕತಂಗಿಯರು ಬಂದರು.

ನನಗೆ ಇಪ್ಪತ್ತಾರು. ನನ್ನ ಬಟ್ಟೆಯ ವಾಸನೆ ಮಗುವಿನ ಉಚ್ಚೆಯದು ಎಂದು ಗಂಡನಿಗೂ ಸುಳ್ಳು ಹೇಳಿದ್ದೆ. ನನ್ನ ಚೂರನ್ನೂ ಎಳೆದು ಮೇಜಿನ ಮೇಲೆ ಹಾಕಿದೆ.

"ಪುಲೆಂಗ್ ಅಂತ ಬರೀರಿ."

"ಬೋಳಿಮಕ್ಳ, ಎತ್ರೇ ಇದ್ನೆಲ್ಲ," ಎಂದು ಫಾಕಿಸಿ ಮೂಗು ಮುಚ್ಚಿಕೊಂಡ. ಕಾವಲಿನ ಹೆಂಗಸು ಮುಟ್ಟಲಿಲ್ಲ. ನಾವೂ ಮುಟ್ಟಲಿಲ್ಲ. ನನ್ನ ಹಿಂದೆ ಇನ್ನೂ ಐವರು ಬಂದು ತಮ್ಮದನ್ನು ಹಾಕಿ, ಒಟ್ಟು ಹನ್ನೊಂದು ಚೂರುಗಳಾಗಿದ್ದವು. ಅವನು ಗೇಟಿನ ಬೀಗ ತೆಗೆಯಲಿಲ್ಲ. ಹೊರಗೆ ನಮ್ಮನ್ನು ಮನೆ ಮುಟ್ಟಿಸುವ ಟ್ಯಾಕ್ಸಿಗಳು ಒಂದೊಂದಾಗಿ ಹೊರಟುಹೋದವು. ಮಾಖೋತ್ಸೊ ಇನ್ನೂ ಮೊಣಕಾಲ ಮೇಲೇ ಇದ್ದಳು. ಅವಳ ಸುತ್ತ ಸಿಮೆಂಟು ನಿಧಾನವಾಗಿ ಒದ್ದೆಯಾಗಿ ಕಪ್ಪಾಗುತ್ತಿತ್ತು.