ಚೀಟಿಯಲ್ಲಿ ಇಲ್ಲದ ಮಾತು

ಟಕ್.

ನಡುರಾತ್ರಿಯಲ್ಲಿ ಅಷ್ಟೇ ಸದ್ದು. ಚಾಪೆಯ ಮೇಲೆ ಮಲಗಿದ್ದ ದಯಾವತಿ ತಲೆಯೆತ್ತಿದಳು. ಬಾಗಿಲ ಕಡೆಯಿಂದ ಮರಿತಾಯಮ್ಮ ಗೋಡೆ ಸವರುತ್ತ ವಾಪಸು ಬರುತ್ತಿದ್ದಳು.

"ಏನಜ್ಜಿ?"

"ಎದ್ಬುಟ್ರಾ ಟೀಚ್ರಮ್ಮ? ಏನಿಲ್ಲ, ಚಿಲ್ಕ ತೆಗ್ದೆ. ನೀವಿದ್ದೀರಿ ಅಂತ ಆಕಿದ್ದೆ. ಮನಸು ತಡೀನಿಲ್ಲ."

"ರಾತ್ರಿಯೆಲ್ಲ ತೆಗೆದೇ ಇರತ್ತಾ? ಕಳ್ಳರು ಬಂದರೆ?"

"ಬರ್ಲಿ ಬುಡಿ. ಈ ಮನೇಲಿ ಏನದೆ? ನನ್ ಗತಿ ನೋಡಿ ಅವರೇ ಏನಾರ ಮಡಗ್ಬುಟ್ಟು ಓಯ್ತಾರೆ." ಮುದುಕಿ ಕಿಸಕ್ಕನೆ ನಕ್ಕಳು. "ನೀವೇ ಅಲ್ವ್ರಾ ಓದವರ್ಸ ಚೀಟಿ ಓದಿದ್ದು, ಅಪ್ಪು ಬತ್ತಾನೆ ಅಂತ? ಬಂದೋನು ಬೀದೀಲಿ ನಿಂತ್ಕಂಡು ಕೂಗ್ಬೇಕಾ?"

ದಯಾವತಿ ಎದ್ದು ಕೂತಳು.

ಮಳವಳ್ಳಿಯ ಚರ್ಚಿನಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಚೀಟಿಗಳನ್ನು ಇಡುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿರುವುದು ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಓದು ಬಾರದವರಿಗೆ ಓದಿ ಹೇಳುವುದು ದಯಾವತಿಯ ಕೆಲಸ. ಕಳೆದ ವರ್ಷ ಆ ದಿನಕ್ಕೆ ಮರಿತಾಯಮ್ಮ ಗಂಡನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಗಿತ್ತು. ಅಪ್ಪನೊಡನೆ ಜಗಳವಾಡಿ ಹೊರಟುಹೋದ ಮಗ ಅಪ್ಪು ಎಲ್ಲಿದ್ದಾನೆಂದು ಏಳು ವರ್ಷದಿಂದ ಗೊತ್ತಿರಲಿಲ್ಲ. ಅವಳು ಎತ್ತಿದ ಚೀಟಿಯಲ್ಲಿ ಇದ್ದದ್ದು ಕಷ್ಟದಲ್ಲಿ ತಾಳಿಕೊಳ್ಳಬೇಕೆಂಬ ಮಾತು. ಎದುರಿಗಿದ್ದ ಆ ಮುಖಕ್ಕೆ ಅದನ್ನು ಓದಲು ಬಾಯಿ ಬರಲಿಲ್ಲ. "ನಿಮ್ಮ ಮಗ ಮನೆಗೆ ಬರ್ತಾನೆ ಅಂತಿದೆ ಅಜ್ಜಿ" ಎಂದು ಚೀಟಿ ಮಡಿಸಿ ಕೊಟ್ಟಿದ್ದಳು.

ಮಕ್ಕಳ ನೋಟುಬುಕ್ಕಿನಲ್ಲಿ ಒಂದು ತಪ್ಪು ಪದವನ್ನೂ ಬಿಡದವಳು ದೇವರ ಹೆಸರಿನಲ್ಲಿ ತನ್ನ ಮಾತು ಹೇಳಿದ್ದಳು. ಈ ಸಂಜೆ ಪೂರಿಗಾಲಿಯ ಪ್ರಾರ್ಥನಾ ಕೂಟಕ್ಕೆ ಬಂದು, ಕೊನೆಯ ಬಸ್ಸು ತಪ್ಪಿ ಇಲ್ಲಿ ಉಳಿಯುವವರೆಗೂ ಆ ಮಾತು ಈ ಮನೆಯಲ್ಲಿ ಹೇಗೆ ಬದುಕುತ್ತಿದೆಯೆಂದು ಅವಳಿಗೆ ತಿಳಿದಿರಲಿಲ್ಲ.

"ಪಕ್ಕದ್ಮನೆ ಪುಟ್ಟಮಾದಮ್ಮ ಆಡ್ಕತಾಳೆ," ಮುದುಕಿ ಕಂಬಳಿ ಎಳೆದುಕೊಂಡಳು. "'ನಿಮ್ ಯೇಸಪ್ಪ ನಿನ್ ಮಗುನ್ಗೆ ಬಸ್ ಚಾರ್ಜು ಕೊಡೋದ್ ಮರ್ತವ್ನೆ ಕಣಮ್ಮಿ' ಅಂತಾಳೆ. ನಂಗೂ ನಗ ಬತ್ತದೆ. ಮೊದ್ಲು ರಾತ್ರಿಯೆಲ್ಲ ಅಳ್ತಿದ್ದೆ ಟೀಚ್ರಮ್ಮ. ಈಗ ಚಿಲ್ಕ ತೆಗ್ದೇಟ್ಗೆ ನಿದ್ದೆ ಬತ್ತದೆ."

"ಅಜ್ಜಿ, ಆ ಚೀಟೀಲಿ..."

ಮುದುಕಿ ಮಗುವಿನಂತೆ ನಿದ್ದೆಹೋಗಿದ್ದಳು.

ದಯಾವತಿಗೆ ಕಣ್ಣು ಹತ್ತಲಿಲ್ಲ. ಗಾಳಿಗೆ ಬಾಗಿಲು ಒಂದು ಬೆರಳಷ್ಟು ಸರಿಯುತ್ತಿತ್ತು. ಇಬ್ಬರೇ ಹೆಂಗಸರು, ಊರ ಕೊನೆಯ ಮನೆ, ಆಚೆ ಕಬ್ಬಿನ ಗದ್ದೆ. ಬರುವವನು ಯಾರೂ ಇಲ್ಲವೆಂದು ಬಲ್ಲವಳು ತಾನೊಬ್ಬಳೇ. ಕೊನೆಗೆ ತಡೆಯಲಾರದೆ ಎದ್ದು, ಸದ್ದಾಗದಂತೆ ಚಿಲಕ ಹಾಕಿದಳು.

ಚಾಪೆಗೆ ಮರಳಿ ಎಷ್ಟು ಹೊತ್ತಾಗಿತ್ತೋ, ಯಾರೋ ಬಾಗಿಲು ನೂಕಿದರು.

ಗಾಳಿಯಲ್ಲ. ಮೆಲ್ಲಗೆ, ತೆರೆದಿರಬಹುದೇ ಎಂದು ನೋಡುವವರ ಹಾಗೆ. ಸ್ವಲ್ಪ ತಡೆದು ಇನ್ನೊಮ್ಮೆ. ದಯಾವತಿ ಎದ್ದು ಬಾಗಿಲವರೆಗೆ ಹೋದಳು. ಹಲಗೆಯ ಆಚೆ ಒಂದು ಉಸಿರು ಕೇಳಿದಂತಾಯಿತು. ಅದು ತನ್ನದೇ ಇರಬಹುದೆಂದೂ ಅನ್ನಿಸಿತು. ಚಿಲಕದ ಮೇಲೆ ಕೈಯಿಟ್ಟು ನಿಂತಳು, ತೆಗೆಯಲಾರಳು, ಬಿಡಲಾರಳು.

ಕೊನೆಗೆ ತೆಗೆದಳು. ಮಂಜು. ಬೀದಿ ದೀಪದ ಕೆಳಗೆ ಯಾರೂ ಇಲ್ಲ. ದೂರದಲ್ಲಿ, ಬಸ್ಸು ನಿಲ್ಲುವ ಕಡೆ, ನಾಯಿಯೊಂದು ಬೊಗಳಿ ಸುಮ್ಮನಾಯಿತು. ಅವಳು ಆ ಕಡೆ ನಾಲ್ಕು ಹೆಜ್ಜೆ ಓಡಿದಳು. "ಅಪ್ಪು!" ಎಂದು ಕೂಗಿದಳು. ನೋಡಿಯೇ ಇಲ್ಲದವನ ಹೆಸರು ಮಂಜಿನಲ್ಲಿ ಕರಗಿಹೋಯಿತು. ಹಿಂತಿರುಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಹೊಸ್ತಿಲ ಒಳಗೆ ಬೆಳಗಿನವರೆಗೆ ಕುಳಿತಳು. ಪ್ರಾರ್ಥನೆಗೆ ಮಾತು ಸಿಗಲಿಲ್ಲ. "ಬರಲಿ" ಎಂಬುದೊಂದೇ ಸಿಕ್ಕಿತು.

ಬೆಳಿಗ್ಗೆ ಮುದುಕಿ ಒಲೆ ಉರಿಸುತ್ತ ಕೇಳಿದಳು: "ರಾತ್ರಿ ನಾಯಿ ಬೊಗುಳ್ತು. ಯಾರಾರ ಬಂದಿದ್ರಾ?"

ದಯಾವತಿ ಮಾತು ಹುಡುಕಿದಳು. "ನನಗೆ ಯಾರೂ ಕಾಣಲಿಲ್ಲ ಅಜ್ಜಿ."

"ಇವತ್ತಲ್ದಿದ್ರೆ ನಾಳೆ ಬತ್ತಾನೆ ಬುಡಿ. ಮಾತು ಕೊಟ್ಟೋನು ಮನ್ಸನಾ, ತಪ್ಪಕೆ?" ಅವಳ ಮುಖದಲ್ಲಿ ಒಂದು ಎಳೆ ಸಂಶಯವೂ ಇರಲಿಲ್ಲ.

"ಇವತ್ತು ರಾತ್ರೀನೂ ಇಲ್ಲೇ ಉಳೀಲಾ?"

"ಅಯ್ಯೋ, ಉಳ್ಕಳಿ! ಯಾಕ್ರವ್ವ, ಗಂಡನ್ ಕುಟೆ ಜಗಳಾನಾ?"

"ಇಲ್ಲಜ್ಜಿ," ಎಂದು ನಗಲು ನೋಡಿದಳು.

ನಾಳೆ ಬರುತ್ತೇನೆಂದು ಗಂಡನಿಗೆ ಮೆಸೇಜು ಕಳಿಸಿದಳು. ಏಕೆ ಎಂದು ಆತ ತಕ್ಷಣ ಕೇಳಿದ. ಎರಡು ಸಲ ಬರೆದು ಎರಡು ಸಲ ಅಳಿಸಿದಳು. ಆತನಿಗಾಗಲಿ, ಚರ್ಚಿನ ಸಭಾಪಾಲಕರಿಗಾಗಲಿ, ಎದುರಿಗೆ ಕೂತ ಈ ಮುದುಕಿಗಾಗಲಿ ಚೀಟಿಯ ವಿಷಯವನ್ನೂ ರಾತ್ರಿ ಚಿಲಕ ಹಾಕಿದ್ದನ್ನೂ ಎಂದೂ ಹೇಳುವುದಿಲ್ಲ. ಫೋನನ್ನು ಬ್ಯಾಗಿನೊಳಗಿಟ್ಟು, ಮರಿತಾಯಮ್ಮ ಮುಂದಕ್ಕೆ ತಳ್ಳಿದ ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.