ಸತ್ತ ದೇಶದ ಅಂಚೆಚೀಟಿಗೆ ನನ್ನ ಠಸ್ಸೆ

ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ಒಂದು ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಠಸ್ಸೆ ಒತ್ತಿ ನಿವೃತ್ತನಾದವನು ನಾನು, ಲೀಲಾಧರ. ಕಚೇರಿಯ ಹೆಸರು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಕೆಲಸದ ಜೊತೆಗೆ ಹಳೆಯ ಅಂಚೆಚೀಟಿಗಳ ತಜ್ಞ ಎಂಬ ಹುದ್ದೆಗೂ ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಬ್ರಹ್ಮಾವರದ ಸಂತೆಯಲ್ಲಿ ಸಿಕ್ಕ ರಟ್ಟಿಲ್ಲದ ಒಂದು ಬೆಲೆಪುಸ್ತಕ, ಅಂಚು ಒಡೆದ ಒಂದು ಭೂತಗನ್ನಡಿ, ಇಷ್ಟೇ ನನ್ನ ವಿದ್ಯೆ. ಹುಟ್ಟಿ ಬೇಗ ಸತ್ತ ದೇಶಗಳ ಚೀಟಿಗಳೆಂದರೆ ನನಗೆ ಪ್ರಾಣ. ಬಿಯಾಫ್ರಾ, ಕಟಾಂಗಾ ಎಂಬ ಹೆಸರುಗಳನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ನಾನು ಏನು ಹೇಳಿದರೂ ನಡೆಯುತ್ತಿತ್ತು.

1998ರ ಅಕ್ಟೋಬರ್. ಮಧ್ಯಾಹ್ನ ತ್ರಾಸಿಯಿಂದ ಜಲಜ ಬಂದಳು. ಮೀನು ವ್ಯಾಪಾರದ ಮನೆಯವಳು, ಅವಳ ಅಪ್ಪ ಕುಷ್ಟ ಹಿಂದೆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು. ಅವನು ತೀರಿಕೊಂಡು ಒಂದು ವರ್ಷವಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಲಕೋಟೆಯನ್ನು ಅವಳು ಮೇಜಿನ ಮೇಲಿಟ್ಟಳು.

"ಅಪ್ಪಯ್ಯನ ಟ್ರಂಕಲ್ಲಿ ಸಿಕ್ತ್. ಅಬ್ಬಿಗೆ ಬರ್ದದ್ದ್. ಪೋಸ್ಟಿಗೇ ಹಾಕ್ಲಿಲ್ಲೆ ಕಾಣಿ."

ಲಕೋಟೆಯ ಅಂಟು ಬಿಚ್ಚಿರಲಿಲ್ಲ. ಯಾರ ಕೈಯಲ್ಲೋ ಇಂಗ್ಲಿಷಿನಲ್ಲಿ ಬರೆಸಿದ ವಿಳಾಸ, ಅವಳ ತಾಯಿ ಕುಸುಮಳ ಹೆಸರು. ಮೂಲೆಯಲ್ಲಿ ಠಸ್ಸೆ ಬೀಳದ ಹೊಚ್ಚಹೊಸ ಚೀಟಿ: ಝಾಂಜಿಬಾರ್, ಉಹುರು 1963. ಉಹುರು ಎಂದರೆ ಅವರ ಭಾಷೆಯಲ್ಲಿ ಸ್ವಾತಂತ್ರ್ಯ.

ಭೂತಗನ್ನಡಿಯನ್ನು ಎಳೆದುಕೊಂಡೆ. ಸುಲ್ತಾನನ ಸ್ವತಂತ್ರ ಝಾಂಜಿಬಾರ್ ಬದುಕಿದ್ದು ಒಂದು ತಿಂಗಳ ಮೇಲೆ ಎರಡು ಮೂರು ದಿನ ಅಷ್ಟೇ.

ಜಲಜ ವಿಷಯ ಹೇಳಿದಳು. ಅಣ್ಣ ನಾಗ ಮುಂಬೈಯಿಂದ ಅಪ್ಪನ ವರ್ಷಾಂತಕ್ಕೆ ಬಂದಿದ್ದ. ಲಕೋಟೆ ಬಿಚ್ಚದೆ ಹಾಗೇ ಇದ್ದರೆ ಒಳ್ಳೆಯ ಬೆಲೆ ಬಂದೀತು ಎಂದು ಅಲ್ಲಿಯ ವ್ಯಾಪಾರಿಯೊಬ್ಬ ಅವನ ತಲೆಗೆ ತುಂಬಿದ್ದ. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಜಲಜಳಿಗೆ ಬೆಲೆ ಬೇಕಿರಲಿಲ್ಲ.

"ಅಬ್ಬಿಗೆ ಇಷ್ಟ್ ವರ್ಷದಲ್ಲಿ ಯಾರೂ ಒಂದ್ ಕಾಗ್ದ ಬರೀಲಿಲ್ಲೆ. ಇದ್ನ ಬಿಚ್ಚಿ ಓದಿ ಹೇಳ್ಕ್. ಕಡ್ಮಿ ಬೆಲೆದ್ ಅಂದೇಳಿ ನೀವ್ ಒಂದ್ ಮಾತ್ ಅಂದ್ರೆ ನಾಗಣ್ಣ ಬಿಡ್ತ."

ಹೇಳಬಹುದಿತ್ತು. ಒಂದೇ ಮಾತು, ಅದೂ ಪುಣ್ಯದ ಮಾತು. ಆದರೆ ಜೀವನದಲ್ಲಿ ಮೊದಲ ಸಲ ಒಂದು ಸತ್ತ ದೇಶ ನನ್ನ ಮೇಜಿನ ಮೇಲೆ ಬಂದು ಮಲಗಿತ್ತು. ಅದನ್ನು ಅಗ್ಗದ್ದು ಎಂದರೆ ತಜ್ಞನ ಮರ್ಯಾದೆ ಏನಾಗಬೇಕು?

"ಸುಳ್ ಹೇಳುಕಾತಿಲ್ಲೆ ಜಲಜ," ಎಂದೆ, ಭೂತಗನ್ನಡಿ ಹಿಡಿದು. "ಇದ್ ಸಾವಿರಗಟ್ಲೆ ಬಾಳತ್ತ್. ಎಂತಕ್ಕೆ ಗೊತ್ತಿತ್ತಾ? ಠಸ್ಸೆ ಬೀಳ್ಲಿಲ್ಲೆ."

ಅವಳ ಮುಖ ಸಣ್ಣದಾಯಿತು. ನಾನು ಅದನ್ನು ನೋಡಿಯೂ ಭಾಷಣ ಮುಂದುವರಿಸಿದೆ. ಮೂರು ಗಂಟೆಯ ಟಪಾಲು ಗಾಡಿ ಬರುವ ಹೊತ್ತು. ಎದುರಿಗೆ ಅಂದಿನ ಕಾಗದಗಳ ರಾಶಿ. ಬಾಯಿ ಸುಲ್ತಾನನ ಕತೆ ಹೇಳುತ್ತಿತ್ತು, ಎಡಗೈ ಒಂದೊಂದೇ ಕಾಗದ ಎಳೆಯುತ್ತಿತ್ತು, ಬಲಗೈ ಒತ್ತುತ್ತಿತ್ತು. ಈ ಬಲಗೈ ನನ್ನನ್ನು ಕೇಳಿ ಕೆಲಸ ಮಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಠಸ್ಸೆ ಬೀಳದ ಚೀಟಿ ಕಂಡರೆ ಸಾಕು, ಅದಕ್ಕೆ ತಡೆಯಲಾಗುವುದಿಲ್ಲ.

ಠಪ್.

ಝಾಂಜಿಬಾರಿನ ಮೇಲೆ ನಮ್ಮೂರ ಹೆಸರು, ಅಂದಿನ ತಾರೀಕು, ಕಪ್ಪಗೆ, ದುಂಡಗೆ ಕೂತಿತು. ಅಷ್ಟು ಅಚ್ಚುಕಟ್ಟಾದ ಠಸ್ಸೆ ನನ್ನ ಇಡೀ ನೌಕರಿಯಲ್ಲಿ ಬಿದ್ದಿರಲಿಲ್ಲ.

ಇಬ್ಬರೂ ಲಕೋಟೆಯನ್ನೇ ನೋಡುತ್ತಾ ಕೂತೆವು.

"ಈಗ ಎಷ್ಟ್ ಬಾಳತ್ತ್?" ಜಲಜ ಕೇಳಿದಳು.

"ಈಗ ಎಂತದೂ ಇಲ್ಲೆ."

ಅವಳು ಲಕೋಟೆಯನ್ನು ನನ್ನ ಕಡೆಗೇ ತಳ್ಳಿದಳು. "ಹಾಂಗಾರೆ ಇದ್ ಈಗ ಟಪಾಲಿಗೆ ಬಿದ್ದಾಂಗಾಯ್ತ್. ಮುಟ್ಸುದ್ ನಿಮ್ ಕೆಲ್ಸ. ನಾ ಮನಿಗ್ ಹೋತೆ, ನೀವ್ ತಕಂಡ್ ಬನ್ನಿ."

ಇನ್ನೊಂದು ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ನಾಲ್ಕು ವರ್ಷದ ಮೇಲೆ ರಟ್ಟಿರುವ ಒಂದು ಬೆಲೆಪುಸ್ತಕ ನನ್ನ ಕೈಗೆ ಬಂತು. ಠಸ್ಸೆ ಬೀಳದಿದ್ದರೂ ಆ ಚೀಟಿಗೆ ಒಂದು ಚಾ, ಒಂದು ಪ್ಲೇಟು ಗೋಳಿಬಜೆಯಷ್ಟು ಬೆಲೆ. ಮರ್ಯಾದೆಗಾಗಿ ನಾನು ಹೇಳಿದ ಸತ್ಯ ಸುಳ್ಳಾಗಿತ್ತು. ಜಲಜ ನನ್ನಿಂದ ಕೇಳಿದ್ದ ಸುಳ್ಳೇ ಸತ್ಯವಾಗಿತ್ತು.

ಆ ದಿನ ಸಂಜೆ ಐದಕ್ಕೆ ಕಚೇರಿಗೆ ಬೀಗ ಹಾಕಿ ಸೈಕಲ್ ಹತ್ತಿದೆ. ತ್ರಾಸಿಯ ಮನೆಯಂಗಳದಲ್ಲಿ ಕುಸುಮ ಒಣಮೀನು ಹೆಕ್ಕುತ್ತಿದ್ದಳು. ನಾಗ ಜಗಲಿಯಲ್ಲಿದ್ದ. ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು.

"ಎಂತ ಮರಾಯ್ರೆ, ಪೋಸ್ಟ್ ಮಾಷ್ಟ್ರಾಯಿ ನೀವೇ ಹೀಂಗ್ ಮಾಡುದಾ?"

ಪೋಸ್ಟ್ ಮಾಸ್ತರನಾದ್ದರಿಂದಲೇ ಹೀಗೆ ಮಾಡಿದೆ ಎನ್ನಲು ಧೈರ್ಯ ಬರಲಿಲ್ಲ. ಕುಸುಮಳ ಹತ್ತಿರ ಹೋಗಿ, "ನಿಮಗೊಂದ್ ಕಾಗ್ದ ಇತ್ತ್," ಎಂದೆ.

"ನಂಗೆ ಯಾರ್ ಬರೂದ್?"

"ನಿಮ್ಮ ಯಜಮಾನ್ರ್."

ಅವಳು ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈ ಚಾಚಿದಳು. ಆಮೇಲೆ ಓದು ಬಾರದ ನೆನಪಾಗಿ ನನಗೇ ವಾಪಸು ಕೊಟ್ಟಳು. ನಾನು ಬಿಚ್ಚಿದೆ. ತಾರೀಕು ಜನವರಿ 11, 1964. ಮರುದಿನವೇ ಅಲ್ಲಿ ದಂಗೆಯೆದ್ದು ಸುಲ್ತಾನ ಓಡಿಹೋದ. ಅಂಚೆಗೆ ಹಾಕಲು ಕುಷ್ಟನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ನಾಲ್ಕನೇ ಕ್ಲಾಸಿನ ದಪ್ಪ ಅಕ್ಷರ. ಓದಿದೆ:

'ಹೊರಡುವ ದಿನ ಬೂತಾಯಿ ಮೀನಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮಡಕೆಯನ್ನು ಅಂಗಳಕ್ಕೆ ಎಸೆದೆ. ಇಲ್ಲಿ ನನ್ನ ಕೈಯಡುಗೆಗೂ ಉಪ್ಪು ಹೆಚ್ಚಾಗುತ್ತದೆ. ಯಾರೂ ಮಡಕೆ ಎಸೆಯುವುದಿಲ್ಲ. ನನ್ನದು ತಪ್ಪಾಯಿತು. ಮನೆಗೆ ಬಂದ ಮೇಲೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೆ ಬರೆದಿದ್ದೇನೆ.'

ನಾಗ ಜಗಲಿಯಿಂದ ಇಳಿದು ಬಂದು ಕುಸುಮಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಆ ದಿನದಿಂದ ನಾ ಸಾರಿಗೆ ಉಪ್ಪ್ ಕಮ್ಮಿ ಹಾಕ್ತಾ ಬಂದೆ," ಎಂದಳು ಅವಳು. "ಮೂವತ್ನಾಕ್ ವರ್ಷ. ಸಪ್ಪೆ ಅಂದೇಳಿ ಅವ್ರ್ ಒಂದ್ ದಿನ ಹೇಳ್ಲಿಲ್ಲೆ."

ನನಗೆ ಅಳು ಬಂತು. ಕಾಗದ ಮಡಚುವ ನೆಪದಲ್ಲಿ ತಲೆ ತಗ್ಗಿಸಿದೆ. ಕುಸುಮ ಎದ್ದು, ಊಟ ಮಾಡದೆ ಹೋಗಬಾರದೆಂದು ನನಗೆ ಹೇಳಿ ಒಳಗೆ ಹೋದಳು.

ಸಾರಿಗೆ ಉಪ್ಪು ಹೆಚ್ಚಾಗಿತ್ತು. ನಾಗನೂ ನಾನೂ ಎರಡೆರಡು ಸಲ ಬಡಿಸಿಕೊಂಡು ಉಂಡೆವು.